ಹೊತ್ತು ಹೋಗದು, ವರ್ಷ ನಿಲ್ಲದು: ವಯಸ್ಸು ಮತ್ತು ಕಾಲದ ಗ್ರಹಿಕೆ

ನೆಲಮಂಗಲದ ಸುತ್ತಮುತ್ತಲ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದ ಹಿರಿಯರನ್ನು ಮಾತಾಡಿಸಿದರೆ ಸಾಮಾನ್ಯವಾಗಿ ಎರಡು ದೂರುಗಳನ್ನು ಕೇಳುತ್ತೇವೆ. ಮೊದಲನೆಯದು, 'ಹೊತ್ತೇ ಹೋಗಲ್ಲ ಕಣಪ್ಪ.' ಎರಡನೆಯದು, 'ವರ್ಷ ಹೆಂಗೆ ಹೋಯ್ತೋ ಗೊತ್ತೇ ಆಗ್ಲಿಲ್ಲ. ಮೊನ್ನೆ ಮೊನ್ನೆ ಸಂಕ್ರಾಂತಿಗೆ ಶಿವಗಂಗೆಗೆ ಹೋಗಿ ಬಂದಂಗಿತ್ತು, ಆಗಲೇ ಮತ್ತೊಂದು ಸಂಕ್ರಾಂತಿ ಬಂತು.' ಹೊತ್ತು ನಿಧಾನ, ವರ್ಷ ವೇಗ. ಹೊತ್ತುಗಳೇ ಕೂಡಿ ದಿನವಾಗಿ, ದಿನಗಳೇ ಕೂಡಿ ವರ್ಷವಾಗುವುದಾದರೆ ಈ ಎರಡು ಮಾತುಗಳೂ ಒಟ್ಟಿಗೆ ನಿಜವಾಗಿರುವುದು ಹೇಗೆ?

ಭೌತವಿಜ್ಞಾನದ ಮಟ್ಟಿಗೆ ಇದು ಸಮಸ್ಯೆಯೇ ಅಲ್ಲ. 1967ರಲ್ಲಿ ಅಂಗೀಕರಿಸಿದ ವ್ಯಾಖ್ಯೆಯಂತೆ, ಸೀಸಿಯಂ-133 ಪರಮಾಣುವಿನ ಒಂದು ನಿರ್ದಿಷ್ಟ ವಿಕಿರಣದ 9,19,26,31,770 ಆಂದೋಲನಗಳ ಅವಧಿಯೇ ಒಂದು ಸೆಕೆಂಡ್. ಈ ಸೆಕೆಂಡ್ ಮಗುವಿಗೂ ಒಂದೇ, ಮುದುಕನಿಗೂ ಒಂದೇ. ಆದರೆ ನಮ್ಮ ತಲೆಯೊಳಗೆ ಸೀಸಿಯಂ ಗಡಿಯಾರವಿಲ್ಲ. ಅಲ್ಲಿರುವುದು ನರಕೋಶಗಳು, ಗಮನ ಮತ್ತು ನೆನಪು. ಕಾಲವನ್ನು ಅಳೆಯಲು ಮೆದುಳು ಇವನ್ನೇ ಬಳಸಬೇಕು. ವಯಸ್ಸಾದಂತೆ ಇವೆಲ್ಲ ಬದಲಾಗುವುದರಿಂದ ಕಾಲದ ಗ್ರಹಿಕೆಯೂ ಬದಲಾಗುತ್ತದೆ. ಈ ಬದಲಾವಣೆಯಲ್ಲಿ ಸಹಜವಾದುದು ಯಾವುದು, ಕಾಯಿಲೆಯ ಸೂಚನೆ ಯಾವುದು ಎಂದು ತಿಳಿದಿರುವುದು ಹಿರಿಯರಿರುವ ಪ್ರತಿಯೊಂದು ಮನೆಗೂ ಅಗತ್ಯ.

ದೇಹವೇ ಗಡಿಯಾರ

ದೇಹದಿಂದ ಕಾಲವನ್ನು ಅಳೆಯುವ ಪದ್ಧತಿ ಹಳೆಯದು. ನಮ್ಮ ಹಳೆಯ ಕಾಲಮಾನದಲ್ಲಿ ಒಂದು ದಿನಕ್ಕೆ 60 ಗಳಿಗೆ, ಒಂದು ಗಳಿಗೆಗೆ 60 ವಿಗಳಿಗೆ, ಒಂದು ವಿಗಳಿಗೆಗೆ 6 ಪ್ರಾಣ. ಲೆಕ್ಕ ಹಾಕಿದರೆ ಗಳಿಗೆ ಎಂದರೆ 24 ನಿಮಿಷ, ವಿಗಳಿಗೆ ಎಂದರೆ 24 ಸೆಕೆಂಡ್, ಪ್ರಾಣ ಎಂದರೆ 4 ಸೆಕೆಂಡ್. ಪ್ರಾಣವೆಂದರೆ ಆರೋಗ್ಯವಂತ ಮನುಷ್ಯನ ಒಂದು ಉಸಿರಾಟದ ಅವಧಿ. ನಿಮಿಷಕ್ಕೆ 15 ಉಸಿರು ಎಂದಾಯಿತು. ವಿಶ್ರಾಂತಿಯಲ್ಲಿರುವ ವಯಸ್ಕರ ಉಸಿರಾಟದ ದರ ಇಂದಿನ ವೈದ್ಯರ ಪ್ರಕಾರವೂ ಇದರ ಆಸುಪಾಸಿನಲ್ಲೇ ಇದೆ. ಗೆಲಿಲಿಯೊ ತೂಗುದೀಪದ ಆಂದೋಲನಗಳನ್ನು ತನ್ನ ನಾಡಿ ಹಿಡಿದು ಅಳೆದನೆಂಬ ಕಥೆಯೂ ಪ್ರಸಿದ್ಧ.

ಆದರೆ ದೇಹದ ಗಡಿಯಾರಕ್ಕೆ ಒಂದು ದೋಷವಿದೆ. ದೇಹಸ್ಥಿತಿ ಬದಲಾದರೆ ಅದರ ವೇಗವೂ ಬದಲಾಗುತ್ತದೆ. ಅಮೆರಿಕದ ಶರೀರವಿಜ್ಞಾನಿ ಹಡ್ಸನ್ ಹೋಗ್ಲಂಡ್ ಇದನ್ನು ಮನೆಯಲ್ಲೇ ಗಮನಿಸಿದ. ಅವನ ಹೆಂಡತಿ ಜ್ವರದಿಂದ ಮಲಗಿದ್ದಳು. ಔಷಧಿ ತರಲು ಹೋದವನು ಸ್ವಲ್ಪ ಹೊತ್ತಿಗೇ ಹಿಂದಿರುಗಿದರೂ ತುಂಬಾ ತಡವಾಯಿತೆಂದು ಆಕೆ ಹೇಳಿದಳು. ಸೆಕೆಂಡಿಗೆ ಒಂದರಂತೆ 60ರವರೆಗೆ ಎಣಿಸಲು ಅವನು ಆಕೆಗೆ ಹೇಳಿ, ಜ್ವರ ಏರಿಳಿದಂತೆ ಮತ್ತೆ ಮತ್ತೆ ಎಣಿಸಿಸಿ ನೋಡಿದ. ಜ್ವರ ಹೆಚ್ಚಿದಷ್ಟೂ ಎಣಿಕೆ ಬೇಗ ಮುಗಿಯುತ್ತಿತ್ತು. ಉಷ್ಣತೆ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಏರುವಂತೆ ಮೆದುಳಿನ ಗಡಿಯಾರದ ವೇಗವೂ ಏರುತ್ತದೆ ಎಂದು 1933ರಲ್ಲಿ ಅವನು ವಾದಿಸಿದ. ಒಳಗಡಿಯಾರ ಬೇಗ ಓಡಿದರೆ ಹೊರಗಿನ ಕಾಲ ನಿಧಾನವೆನಿಸುತ್ತದೆ. ಒಳಗಡಿಯಾರ ನಿಧಾನವಾದರೆ ಹೊರಗಿನ ಕಾಲ ಓಡಿದಂತೆ ಕಾಣುತ್ತದೆ. ಈ ವಿಲೋಮ ಸಂಬಂಧವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಮಿಡಿತಗಳ ಎಣಿಕೆ

1963ರಲ್ಲಿ ಮೈಕೆಲ್ ಟ್ರೈಸ್‌ಮನ್ ಎಂಬ ಮನೋವಿಜ್ಞಾನಿ ಒಳಗಡಿಯಾರಕ್ಕೆ ಒಂದು ಸರಳ ಮಾದರಿ ಕೊಟ್ಟ. ಮೆದುಳಿನಲ್ಲಿ ಒಂದು ಮಿಡಿತಕಾರಕ ಇದೆ. ಅದರಿಂದ ಹೊರಟ ಮಿಡಿತಗಳು ಒಂದು ಸಂಚಯಕದಲ್ಲಿ ಜಮೆಯಾಗುತ್ತವೆ. ಹಾಗೆ ಜಮೆಯಾದ ಸಂಖ್ಯೆಯನ್ನು ಮೆದುಳು ನೆನಪಿನಲ್ಲಿರುವ ಹಳೆಯ ಸಂಖ್ಯೆಯೊಡನೆ ಹೋಲಿಸಿ 'ಇಷ್ಟು ಹೊತ್ತಾಯಿತು' ಎಂದು ನಿರ್ಧರಿಸುತ್ತದೆ. ಮುಂದೆ ಜಾನ್ ಗಿಬ್ಬನ್, ರಸೆಲ್ ಚರ್ಚ್ ಮತ್ತು ವಾರೆನ್ ಮೆಕ್ ಇದನ್ನು ಗಣಿತೀಯವಾಗಿ ಬೆಳೆಸಿದರು. ಡಾನ್ ಝಕಾಯ್ ಮತ್ತು ರಿಚರ್ಡ್ ಬ್ಲಾಕ್ 1995ರಲ್ಲಿ ಒಂದು ಮುಖ್ಯ ಅಂಶ ಸೇರಿಸಿದರು. ಮಿಡಿತಕಾರಕಕ್ಕೂ ಸಂಚಯಕಕ್ಕೂ ನಡುವೆ ಒಂದು ಬಾಗಿಲಿದೆ. ಆ ಬಾಗಿಲು ಎಷ್ಟು ತೆರೆದಿರಬೇಕೆಂದು ತೀರ್ಮಾನಿಸುವುದು ಗಮನ. ಕಾಲದ ಕಡೆಗೇ ಗಮನವಿದ್ದರೆ ಬಾಗಿಲು ಪೂರ್ತಿ ತೆರೆದು ಮಿಡಿತಗಳೆಲ್ಲ ಜಮೆಯಾಗುತ್ತವೆ. ಗಮನ ಬೇರೆ ಕೆಲಸದ ಮೇಲಿದ್ದರೆ ಬಹಳಷ್ಟು ಮಿಡಿತಗಳು ತಪ್ಪಿಹೋಗುತ್ತವೆ. ಬಸ್ ನಿಲ್ದಾಣದಲ್ಲಿ ಕುಣಿಗಲ್ ಬಸ್ಸಿಗಾಗಿ ಸುಮ್ಮನೆ ಕಾಯುವ ಹತ್ತು ನಿಮಿಷ ಉದ್ದ. ಅದೇ ಹತ್ತು ನಿಮಿಷ ಗೆಳೆಯನೊಡನೆ ಹರಟಿದರೆ ಗಿಡ್ಡ. ಕಾರಣ ಇದೇ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲೊಂದು ಕುತೂಹಲದ ವಿಷಯವಿದೆ. ಮಿಡಿತಗಳು ಯಾದೃಚ್ಛಿಕವಾಗಿ, ಸರಾಸರಿ ಸೆಕೆಂಡಿಗೆ 10ರಂತೆ ಬರುತ್ತಿವೆ ಎಂದುಕೊಳ್ಳೋಣ. 10 ಸೆಕೆಂಡಿನಲ್ಲಿ 100 ಮಿಡಿತ. ವಿಕಿರಣಶೀಲ ಕ್ಷಯವನ್ನು ಎಣಿಸುವಾಗ ಕಲಿತಂತೆ, ಇದರಲ್ಲಿನ ಅನಿಶ್ಚಿತತೆ 100ರ ವರ್ಗಮೂಲ, ಅಂದರೆ 10. ಇದು ಶೇಕಡ 10. 1,000 ಸೆಕೆಂಡಿನಲ್ಲಿ 10,000 ಮಿಡಿತ, ಅನಿಶ್ಚಿತತೆ 100. ಇದು ಶೇಕಡ 1 ಮಾತ್ರ. ಹಾಗಾದರೆ ಅವಧಿ ಹೆಚ್ಚಿದಷ್ಟೂ ನಮ್ಮ ಅಂದಾಜು ನಿಖರವಾಗುತ್ತಾ ಹೋಗಬೇಕು. ಆದರೆ ಪ್ರಯೋಗಗಳಲ್ಲಿ ಹಾಗಾಗುವುದಿಲ್ಲ. ಅವಧಿ ಹೆಚ್ಚಿದಂತೆ ತಪ್ಪೂ ಹೆಚ್ಚುಕಡಿಮೆ ಅದೇ ಅನುಪಾತದಲ್ಲಿ ಹೆಚ್ಚುತ್ತದೆ. ತೂಕ, ಬೆಳಕುಗಳ ಸಂವೇದನೆಗೆ ಅನ್ವಯಿಸುವ ವೇಬರ್ ನಿಯಮ ಇಲ್ಲಿಯೂ ಕಾಣುತ್ತದೆ. ಅಂದರೆ ತಪ್ಪಿನ ಮೂಲ ಬಿಡಿ ಮಿಡಿತಗಳ ಏರುಪೇರಲ್ಲ. ಒಂದೋ ಮಿಡಿತದ ದರವೇ ಒಂದು ಸಲದಿಂದ ಇನ್ನೊಂದು ಸಲಕ್ಕೆ ಬದಲಾಗುತ್ತಿರಬೇಕು, ಇಲ್ಲವೇ ನೆನಪಿನಿಂದ ಹಳೆಯ ಸಂಖ್ಯೆಯನ್ನು ತೆಗೆಯುವಾಗ ಅದು ಹಿಗ್ಗಿ ಕುಗ್ಗುತ್ತಿರಬೇಕು. ಕಾಲದ ಗ್ರಹಿಕೆ ನೆನಪಿಗೂ ಗಮನಕ್ಕೂ ಅಂಟಿಕೊಂಡಿದೆ ಎಂಬುದಕ್ಕೆ ಇದು ಮೊದಲ ಸುಳಿವು.

ವಯಸ್ಸಾದರೆ ಒಳಗಡಿಯಾರ ನಿಧಾನವಾಗುವುದೇ?

ಮೇಜನ್ನು ಬೆರಳಿನಿಂದ ನಿಮಗೆ ಹಿತವೆನಿಸುವ ವೇಗದಲ್ಲಿ ಕುಟ್ಟಿ ಎಂದರೆ ಮಕ್ಕಳು ಬೇಗ ಬೇಗ ಕುಟ್ಟುತ್ತಾರೆ, ದೊಡ್ಡವರು ನಿಧಾನವಾಗಿ, ಹಿರಿಯರು ಇನ್ನೂ ನಿಧಾನವಾಗಿ. 4 ವರ್ಷದವರಿಂದ 95 ವರ್ಷದವರವರೆಗೆ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡೆವಿನ್ ಮೆಕಾಲಿ ಮತ್ತು ಸಂಗಡಿಗರು ಇದನ್ನು ತೋರಿಸಿದ್ದಾರೆ. ಅಮೆರಿಕದ ಪೀಟರ್ ಮ್ಯಾಂಗನ್ 1996ರಲ್ಲಿ ಇನ್ನೊಂದು ಪ್ರಯೋಗದ ಫಲಿತಾಂಶ ತಿಳಿಸಿದ. ಮೂರು ನಿಮಿಷವಾಯಿತೆನಿಸಿದಾಗ ಹೇಳಿ ಎಂದು ಕೇಳಿದರೆ ಇಪ್ಪತ್ತರ ಆಸುಪಾಸಿನವರು ಸರಾಸರಿ 3 ನಿಮಿಷ 3 ಸೆಕೆಂಡಿಗೆ ಹೇಳಿದರು. ಅರವತ್ತು ದಾಟಿದವರು 3 ನಿಮಿಷ 40 ಸೆಕೆಂಡಿಗೆ ಹೇಳಿದರು. ಗಡಿಯಾರದಲ್ಲಿ 220 ಸೆಕೆಂಡ್ ಕಳೆದಾಗ ಹಿರಿಯರ ಒಳಗಡಿಯಾರ 180 ಎಂದು ತೋರಿಸಿತು. ಅವರ ಪಾಲಿಗೆ ಹೊರಗಿನ ಜಗತ್ತು ವೇಗವಾಗಿ ಓಡುತ್ತಿದೆ.

ಒಗಟು ಬಿಡಿಸಿದಂತಾಯಿತೇ? ಅಷ್ಟು ಸುಲಭವಲ್ಲ. ಬ್ಲಾಕ್, ಝಕಾಯ್ ಮತ್ತು ಪೀಟರ್ ಹ್ಯಾನ್‌ಕಾಕ್ 1998ರಲ್ಲಿ ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗ ಚಿತ್ರ ಬೇರೆಯಾಗಿತ್ತು. ಒಟ್ಟಾರೆಯಾಗಿ ಹಿರಿಯರು ಒಂದು ಅವಧಿಯನ್ನು ಬಾಯಿಮಾತಿನಲ್ಲಿ ಅಂದಾಜಿಸುವಾಗ ಯುವಕರಿಗಿಂತ ಹೆಚ್ಚು ಹೇಳಿದರು. ಇಷ್ಟು ಸೆಕೆಂಡ್ ಆದಾಗ ನಿಲ್ಲಿಸಿ ಎಂದರೆ ಯುವಕರಿಗಿಂತ ಬೇಗ ನಿಲ್ಲಿಸಿದರು. ಮ್ಯಾಂಗನ್ ಕಂಡದ್ದಕ್ಕೆ ಇದು ವಿರುದ್ಧ. ಜೊತೆಗೆ ಹಿರಿಯರಲ್ಲಿ ಒಬ್ಬರಿಂದೊಬ್ಬರಿಗೆ ಇರುವ ವ್ಯತ್ಯಾಸ ಯುವಕರಲ್ಲಿರುವುದಕ್ಕಿಂತ ಹೆಚ್ಚು.

ಪ್ರಯೋಗಗಳು ಹೀಗೆ ಎರಡು ದಿಕ್ಕಿಗೆ ಎಳೆಯುವಾಗ ವಿಜ್ಞಾನಿ ಮಾಡಬೇಕಾದುದೇನು? ಎರಡರಲ್ಲಿ ಒಂದನ್ನು ಬಿಸಾಡುವುದಲ್ಲ, ಪ್ರಯೋಗದ ಷರತ್ತುಗಳನ್ನು ನೋಡುವುದು. ಕಾಲವನ್ನು ಗಮನಿಸುವುದೊಂದೇ ಕೆಲಸವೇ, ಜೊತೆಗೆ ಬೇರೆ ಕೆಲಸವೂ ಇತ್ತೇ? ಅವಧಿ ಸೆಕೆಂಡುಗಳದೇ, ನಿಮಿಷಗಳದೇ? ಮನಸ್ಸಿನಲ್ಲಿ ಎಣಿಸಲು ಬಿಟ್ಟಿದ್ದರೇ? ಇವುಗಳನ್ನು ಬದಲಿಸಿದಾಗ ಫಲಿತಾಂಶವೂ ಬದಲಾಗುತ್ತದೆ. ಏಕಕಾಲದಲ್ಲಿ ಎರಡು ಕೆಲಸಗಳಿಗೆ ಗಮನ ಹಂಚುವುದು ವಯಸ್ಸಾದಂತೆ ಕಷ್ಟವಾಗುತ್ತದೆ. ಆದ್ದರಿಂದ ಜೊತೆಗೆ ಬೇರೆ ಕೆಲಸ ಕೊಟ್ಟರೆ ಹಿರಿಯರ ಬಾಗಿಲಿನಲ್ಲಿ ತಪ್ಪಿಹೋಗುವ ಮಿಡಿತಗಳು ಹೆಚ್ಚು. ಕೆಲಸವೇನೂ ಇಲ್ಲದೆ ಕಾಲವನ್ನೇ ನೋಡುತ್ತಾ ಕುಳಿತರೆ ಸ್ಥಿತಿ ಬೇರೆ. ಮಿಡಿತಕಾರಕದ ವೇಗ ಸ್ವಲ್ಪ ಇಳಿಯಬಹುದು. ಆದರೆ ವ್ಯತ್ಯಾಸದ ಬಹುಪಾಲನ್ನು ತೀರ್ಮಾನಿಸುವುದು ಗಮನ ಮತ್ತು ಕೆಲಸದ ನೆನಪು ಎಂಬುದು ಈಗ ಹೆಚ್ಚಿನ ಸಂಶೋಧಕರ ಒಲವು. 'ಹೊತ್ತೇ ಹೋಗಲ್ಲ' ಎಂಬ ಮೊದಲ ದೂರಿಗೆ ವಿವರಣೆ ಇಲ್ಲೇ ಇದೆ. ಕೆಲಸ ಕಡಿಮೆಯಾಗಿ, ಮಾತಿಗೆ ಜನವಿಲ್ಲದೆ ಜಗಲಿಯ ಮೇಲೆ ಕುಳಿತವರ ಗಮನಕ್ಕೆ ಕಾಲವೊಂದೇ ಉಳಿಯುತ್ತದೆ. ಅದು ಮುಪ್ಪಿನ ಗುಣಕ್ಕಿಂತ ಹೆಚ್ಚಾಗಿ ಒಂಟಿತನದ ಗುಣ.

ಮೆದುಳಿನಲ್ಲಿ ಗಡಿಯಾರ ಎಲ್ಲಿದೆ?

ಒಂದೇ ಕಡೆ ಇಲ್ಲ. ಸೆಕೆಂಡುಗಳ ಅಳತೆಯಲ್ಲಿ ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಮತ್ತು ಅಲ್ಲಿ ಕೆಲಸ ಮಾಡುವ ಡೋಪಮಿನ್ ಎಂಬ ರಾಸಾಯನಿಕದ ಪಾತ್ರ ದೊಡ್ಡದು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮಿನ್ ತಯಾರಿಸುವ ನರಕೋಶಗಳು ಸಾಯುತ್ತವೆ. ಶಾರಾ ಮಲಪಾನಿ ಮತ್ತು ಸಂಗಡಿಗರು 1998ರಲ್ಲಿ ಇಂಥ ರೋಗಿಗಳಿಗೆ 8 ಸೆಕೆಂಡ್ ಮತ್ತು 21 ಸೆಕೆಂಡುಗಳ ಎರಡು ಅವಧಿಗಳನ್ನು ಕಲಿಸಿದರು. ಔಷಧಿ ಇಲ್ಲದಾಗ ರೋಗಿಗಳು 8ನ್ನು ಉದ್ದವಾಗಿಯೂ 21ನ್ನು ಗಿಡ್ಡವಾಗಿಯೂ ತೋರಿಸಿದರು. ಎರಡು ನೆನಪುಗಳು ಒಂದರತ್ತ ಒಂದು ಜಾರಿದ್ದವು. ಗಡಿಯಾರ ಬರೇ ನಿಧಾನವಾಗಿದ್ದರೆ ಎರಡೂ ಒಂದೇ ದಿಕ್ಕಿಗೆ ಸರಿಯಬೇಕಿತ್ತು. ಡೋಪಮಿನ್ ಗ್ರಾಹಕಗಳು ಆರೋಗ್ಯವಂತರಲ್ಲೂ ವಯಸ್ಸಿನೊಡನೆ ಕ್ರಮೇಣ ಇಳಿಯುತ್ತವೆಯಾದ್ದರಿಂದ ಹಿರಿಯರ ಕಾಲಗ್ರಹಿಕೆಯ ಅಧ್ಯಯನಕ್ಕೂ ಇದು ಮುಖ್ಯ.

ನಿಮಿಷಗಳಿಗೆ ಬಂದರೆ ಹಿಪ್ಪೊಕ್ಯಾಂಪಸ್‌ನ ನೆರವು ಬೇಕು. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ 1953ರಲ್ಲಿ ಅಪಸ್ಮಾರದ ಚಿಕಿತ್ಸೆಗಾಗಿ ಮೆದುಳಿನ ಈ ಭಾಗವನ್ನು ತೆಗೆಯಲಾಯಿತು. ಅಲ್ಲಿಂದ 2008ರಲ್ಲಿ ಸಾಯುವವರೆಗೂ ಹೊಸ ನೆನಪುಗಳು ಅವನಲ್ಲಿ ನಿಲ್ಲಲಿಲ್ಲ. 1973ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅವನು ಸುಮಾರು 20 ಸೆಕೆಂಡುಗಳವರೆಗಿನ ಅವಧಿಯನ್ನು ಸರಿಯಾಗಿಯೇ ತೋರಿಸಿದ. ಅದನ್ನು ಮೀರಿದರೆ ಅವನ ಅಂದಾಜು ತೀರ ಕಡಿಮೆಯಾಗಿತ್ತು. ನೆನಪು ನಿಲ್ಲುವಷ್ಟು ಹೊತ್ತು ಮಾತ್ರ ಅವನಿಗೆ ಕಾಲವಿತ್ತು. ಮುಂದೆ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಒಂದು ಅವಧಿಯ ಬೇರೆ ಬೇರೆ ಕ್ಷಣಗಳಲ್ಲಿ ಸರದಿಯಂತೆ ಮಿಡಿಯುವ 'ಕಾಲಕೋಶ'ಗಳು ಪತ್ತೆಯಾದವು. ಹಾವರ್ಡ್ ಐಕನ್‌ಬಾಮ್ ತಂಡ 2011ರಲ್ಲಿ ಅವುಗಳನ್ನು ವಿವರಿಸಿತು. 2020ರಲ್ಲಿ ಮನುಷ್ಯರಲ್ಲೂ ಅಂಥ ಕೋಶಗಳ ವರದಿ ಬಂದಿತು. ಆಲ್‌ಜೈಮರ್ ಕಾಯಿಲೆ ಮೊದಲು ಹಾನಿ ಮಾಡುವುದು ಹಿಪ್ಪೊಕ್ಯಾಂಪಸ್ ಮತ್ತು ಅದಕ್ಕೆ ಹೊಂದಿಕೊಂಡ ಭಾಗಗಳನ್ನೇ ಎಂಬುದನ್ನು ಗಮನಿಸಿ.

ಹಗಲು ರಾತ್ರಿಗಳ ಗಡಿಯಾರ ಮೂರನೆಯದು. ಅದು ಕಣ್ಣಿನ ನರಗಳು ಅಡ್ಡಹಾಯುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಪುಟ್ಟ ಗುಂಪಿನಲ್ಲಿದೆ. ನಮ್ಮ ದೇಶದಲ್ಲಿ ಈ ಜೈವಿಕ ಲಯಗಳ ಅಧ್ಯಯನಕ್ಕೆ ಬುನಾದಿ ಹಾಕಿದವರು ಎಂ. ಕೆ. ಚಂದ್ರಶೇಖರನ್. ಮಧುರೈ ಕಾಮರಾಜ ವಿಶ್ವವಿದ್ಯಾಲಯದಲ್ಲಿ ಹೊರಗಿನ ಬೆಳಕು, ಸದ್ದು, ಗಡಿಯಾರ ಯಾವುದೂ ತಲುಪದ ಕೋಣೆಗಳಲ್ಲಿ ಸ್ವಯಂಸೇವಕರನ್ನು ಇರಿಸಿ ಅವರು ಪ್ರಯೋಗ ನಡೆಸಿದರು. ಮುಂದೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರಕ್ಕೆ ಬಂದರು. ಜರ್ಮನಿಯಲ್ಲಿ ಇದೇ ಬಗೆಯ ಪ್ರಯೋಗ ನಡೆಸಿದ ಯೂರ್ಗನ್ ಆಶಾಫ್ 1985ರಲ್ಲಿ ಒಂದು ಸ್ವಾರಸ್ಯದ ಸಂಗತಿ ಪ್ರಕಟಿಸಿದ. ಇಂಥ ಏಕಾಂತದಲ್ಲಿ ಎಚ್ಚರದ ಅವಧಿ ಉದ್ದವಾದವರಿಗೆ 'ಒಂದು ಗಂಟೆ'ಯೂ ಅದೇ ಪ್ರಮಾಣದಲ್ಲಿ ಉದ್ದವಾಗುತ್ತಿತ್ತು. ಆದರೆ ಕೆಲವು ಸೆಕೆಂಡುಗಳಿಂದ ಎರಡು ನಿಮಿಷದವರೆಗಿನ ಅಂದಾಜಿಗೂ ಅದಕ್ಕೂ ಅಂಥ ನಂಟಿರಲಿಲ್ಲ. ಗಂಟೆಯ ಗಡಿಯಾರ ಬೇರೆ, ಸೆಕೆಂಡಿನ ಗಡಿಯಾರ ಬೇರೆ ಎಂದಾಯಿತು. ವಯಸ್ಸಾದಂತೆ ದಿನದ ಗಡಿಯಾರ ಮುಂದಕ್ಕೆ ಸರಿಯುತ್ತದೆ. ಹಿರಿಯರು ಸಂಜೆಯೇ ತೂಕಡಿಸಿ, ಕೋಳಿ ಕೂಗುವ ಮೊದಲೇ ಏಳುವುದು ಇದರಿಂದ.

ವರ್ಷಗಳು ಏಕೆ ಓಡುತ್ತವೆ?

ಇನ್ನು ಎರಡನೆಯ ದೂರು. ಇದಕ್ಕೆ ಬಹಳ ಹಳೆಯ ವಿವರಣೆಯೊಂದಿದೆ. ಫ್ರಾನ್ಸಿನ ತತ್ತ್ವಜ್ಞಾನಿ ಪಾಲ್ ಜಾನೆ 1877ರಲ್ಲಿ ಹೇಳಿದ್ದು: ನಾವು ಒಂದು ವರ್ಷವನ್ನು ಆವರೆಗೆ ಬದುಕಿದ ಒಟ್ಟು ಆಯುಸ್ಸಿನೊಡನೆ ಹೋಲಿಸುತ್ತೇವೆ. 10 ವರ್ಷದ ಹುಡುಗನಿಗೆ ಒಂದು ವರ್ಷ ಆಯುಸ್ಸಿನ ಹತ್ತರಲ್ಲೊಂದು ಪಾಲು, 50ರವನಿಗೆ ಐವತ್ತರಲ್ಲೊಂದು. ಇದನ್ನು ಕಲನಶಾಸ್ತ್ರದ ಭಾಷೆಗೆ ತಂದರೆ ಅನುಭವದ ಕಾಲ ವಯಸ್ಸಿನ ಲಘುಗಣಕಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ 5ರಿಂದ 10, 10ರಿಂದ 20, 20ರಿಂದ 40, 40ರಿಂದ 80, ಈ ನಾಲ್ಕೂ ಅವಧಿಗಳು ಸಮನಾಗಿ ಅನಿಸಬೇಕು.

ಸೂತ್ರ ಅಂದವಾಗಿದೆ. ಆದರೆ ಅಂದವಾದ ಸೂತ್ರವೂ ಅಳತೆಗೆ ಒಗ್ಗಬೇಕು. ಮಾರ್ಕ್ ವಿಟ್‌ಮನ್ ಮತ್ತು ಸಾಂಡ್ರಾ ಲೆನ್‌ಹಾಫ್ ಜರ್ಮನಿ ಮತ್ತು ಆಸ್ಟ್ರಿಯಾಗಳಲ್ಲಿ 14ರಿಂದ 94 ವರ್ಷದ 499 ಜನರನ್ನು ಕೇಳಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಲ ಬೇಗ ಹೋಗುತ್ತಿದೆ ಎಂದವರು ಎಲ್ಲ ವಯಸ್ಸಿನಲ್ಲೂ ಇದ್ದರು. ವಯಸ್ಸಿನ ಪ್ರಭಾವ ಕಂಡದ್ದು ಮುಖ್ಯವಾಗಿ 'ಕಳೆದ ಹತ್ತು ವರ್ಷ ಹೇಗೆ ಹೋಯಿತು' ಎಂಬ ಪ್ರಶ್ನೆಯಲ್ಲಿ. ಅಲ್ಲಿಯೂ ಉತ್ತರಗಳ ವ್ಯತ್ಯಾಸದಲ್ಲಿ ವಯಸ್ಸಿನ ಪಾಲು ಹೆಚ್ಚೆಂದರೆ ಶೇಕಡ 10. ಜಾನೆಯ ಸೂತ್ರದಂತೆ 20 ವರ್ಷದವನಿಗೂ 80 ವರ್ಷದವನಿಗೂ ನಡುವೆ ನಾಲ್ಕು ಪಟ್ಟು ಅಂತರ ಇರಬೇಕಿತ್ತು. 2010ರಲ್ಲಿ ವಿಲಿಯಂ ಫ್ರೀಡ್‌ಮನ್ ಮತ್ತು ಸ್ಟೀವ್ ಯಾನ್ಸನ್ ನಡೆಸಿದ ಅಧ್ಯಯನವೂ ವಯಸ್ಸಿನ ಪ್ರಭಾವ ಸಣ್ಣದೆಂದೇ ಕಂಡಿತು. ಮಾಡಬೇಕಾದ ಕೆಲಸಕ್ಕೆ ಸಮಯ ಸಾಲುತ್ತಿಲ್ಲ ಎಂಬ ಒತ್ತಡ ಇರುವವರಿಗೆ ಕಾಲ ಓಡುತ್ತಿತ್ತು.

ಹಾಗಾದರೆ ವರ್ಷದ ಉದ್ದವನ್ನು ತೀರ್ಮಾನಿಸುವುದು ಏನು? ಗಂಟೆ ನಿಮಿಷಗಳಂತೆ ವರ್ಷವನ್ನು ನಾವು ಕಾಯುತ್ತಾ ಕುಳಿತು ಅಳೆಯುವುದಿಲ್ಲ. ಕಳೆದ ಮೇಲೆ ಹಿಂದಿರುಗಿ ನೋಡಿ ಅಳೆಯುತ್ತೇವೆ. ಆಗ ಅಳತೆಗೋಲು ನೆನಪು. ಒಂದು ಅವಧಿಯಿಂದ ಎಷ್ಟು ಬಿಡಿ ಬಿಡಿ ನೆನಪುಗಳು ಸಿಗುತ್ತವೆಯೋ ಅಷ್ಟು ಉದ್ದ ಎಂದು 1969ರಲ್ಲಿ ರಾಬರ್ಟ್ ಆರ್ನ್‌ಸ್ಟೀನ್ ವಾದಿಸಿದ. ಹೊಸ ಊರು, ಹೊಸ ಶಾಲೆ, ಮೊದಲ ಕೆಲಸ, ಮದುವೆ, ಇವು ಮೆದುಳಿನಲ್ಲಿ ಬೇರೆ ಬೇರೆ ಗುರುತು ಬಿಡುತ್ತವೆ. ಒಂದೇ ತೆರನಾದ ಮುನ್ನೂರು ದಿನಗಳು ಒಂದೇ ಗುರುತಾಗಿ ಮಡಚಿಕೊಳ್ಳುತ್ತವೆ. ವಯಸ್ಸಾದವರನ್ನು ಬದುಕಿನ ಘಟನೆಗಳ ಬಗ್ಗೆ ಕೇಳಿದರೆ ಹರೆಯದ ಮತ್ತು ಇಪ್ಪತ್ತರ ದಶಕದ ನೆನಪುಗಳೇ ಗುಂಪಾಗಿ ಬರುವುದು ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ. ಬದುಕಿನ ಹೊಸತುಗಳಲ್ಲಿ ಬಹುಪಾಲು ಅಲ್ಲೇ ಇರುವುದು ಇದಕ್ಕೊಂದು ಕಾರಣ.

ಇದು ಮುಪ್ಪಿಗೆ ಮಾತ್ರ ಸೀಮಿತವಲ್ಲ ಎಂಬುದಕ್ಕೆ ಫ್ರಾನ್ಸಿನ ಭೂವಿಜ್ಞಾನಿ ಮಿಶೆಲ್ ಸಿಫ್ರ್ ಸಾಕ್ಷಿ. 1962ರ ಜುಲೈ 16ರಂದು, ತನ್ನ 23ನೆಯ ವಯಸ್ಸಿನಲ್ಲಿ, ಅವನು ಗಡಿಯಾರವಿಲ್ಲದೆ ಆಲ್ಪ್ಸ್ ಪರ್ವತದ ಒಂದು ಗುಹೆಗೆ ಇಳಿದ. ಸೆಪ್ಟೆಂಬರ್ 14ರಂದು ಸಮಯ ಮುಗಿಯಿತೆಂದು ಮೇಲಿನವರು ತಿಳಿಸಿದಾಗ ಅವನ ಲೆಕ್ಕದಲ್ಲಿ ಅಂದು ಆಗಸ್ಟ್ 20. ಎರಡು ತಿಂಗಳಲ್ಲಿ 25 ದಿನ ಕಾಣೆಯಾಗಿದ್ದವು. ಸೆಕೆಂಡಿಗೆ ಒಂದರಂತೆ 120ರವರೆಗೆ ಎಣಿಸಲು ಅವನಿಗೆ 5 ನಿಮಿಷ ಹಿಡಿದದ್ದೂ ಉಂಟು. ಕತ್ತಲು, ಚಳಿ, ಒಂದೇ ಬಗೆಯ ದಿನಗಳು. ನೆನಪಿಗೆ ಗುರುತುಗಳೇ ಇರಲಿಲ್ಲ. ಯುವಕನ ಗುಹೆಗೂ ಅಜ್ಜನ ಜಗಲಿಗೂ ಈ ಮಟ್ಟಿಗೆ ಹೋಲಿಕೆಯಿದೆ.

ಈಗ ಒಗಟು ಬಿಡುತ್ತದೆ. ಬರಿದಾದ ದಿನ ಕಳೆಯುತ್ತಿರುವಾಗ ಗಮನವೆಲ್ಲ ಕಾಲದ ಮೇಲೆ, ಆದ್ದರಿಂದ ಅದು ಉದ್ದ. ಕಳೆದ ಮೇಲೆ ನೆನಪಿನಲ್ಲಿ ಗುರುತಿಲ್ಲ, ಆದ್ದರಿಂದ ಗಿಡ್ಡ. ಎರಡು ದೂರುಗಳಿಗೂ ಒಂದೇ ಕಾರಣ, ಎರಡು ಬೇರೆ ಅಳತೆಗೋಲು. ವರ್ಷಗಳು ಓಡುತ್ತಿವೆ ಎನಿಸುವುದು ಮೆದುಳು ಕೆಟ್ಟಿದೆ ಎಂಬುದರ ಲಕ್ಷಣವಲ್ಲ.

ಇಂದು ಯಾವ ವಾರ?

ಹಾಗೆಂದು ಕಾಲಕ್ಕೆ ಸಂಬಂಧಿಸಿದ ಎಲ್ಲ ತೊಡಕುಗಳನ್ನೂ 'ವಯಸ್ಸಾಯಿತು, ಅಷ್ಟೆ' ಎಂದು ತಳ್ಳಿಹಾಕಬಾರದು. ಕಾಲ ಬೇಗ ಹೋಯಿತೆನಿಸುವುದು ಒಂದು. ತಾನು ಯಾವ ಕಾಲದಲ್ಲಿದ್ದೇನೆಂದು ತಿಳಿಯದಿರುವುದು ಇನ್ನೊಂದು. ಇದನ್ನು ವೈದ್ಯರು ಕಾಲದ ದಿಕ್ಕು ತಪ್ಪುವುದೆಂದು ಗುರುತಿಸುತ್ತಾರೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ, 1975ರಲ್ಲಿ ಮಾರ್ಷಲ್ ಫೋಲ್‌ಸ್ಟೀನ್ ಮತ್ತು ಸಂಗಡಿಗರು ರೂಪಿಸಿದ ಅರಿವಿನ ಪರೀಕ್ಷೆಯಲ್ಲಿ ಒಟ್ಟು 30 ಅಂಕ. ಅದರಲ್ಲಿ 5 ಅಂಕ ಇಸವಿ, ಋತು, ತಿಂಗಳು, ತಾರೀಕು, ವಾರಗಳಿಗೆ ಮೀಸಲು. ಗಡಿಯಾರದ ಮುಖ ಬಿಡಿಸಿ ಹೇಳಿದ ಸಮಯಕ್ಕೆ ಮುಳ್ಳು ಹಾಕಿಸುವ ಪರೀಕ್ಷೆಯೂ ಪ್ರಚಲಿತ.

ಆದರೆ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ತಾರೀಕು ಕೇಳಿದರೆ ಅಳೆದಂತಾಗುವುದು ಅವಳ ಓದು, ಅವಳ ಮೆದುಳಲ್ಲ. ಹರಿಯಾಣದ ಬಲ್ಲಭಗಢದಲ್ಲಿ ನಡೆದ ಭಾರತ–ಅಮೆರಿಕ ಜಂಟಿ ಅಧ್ಯಯನದ ತಂಡ ಇದನ್ನು ಮನಗಂಡು, ಓದುಬರಹ ಬಾರದವರಿಗೂ ಒಗ್ಗುವಂತೆ ಪರೀಕ್ಷೆಯನ್ನು ಬದಲಿಸಿ 1995ರಲ್ಲಿ ಪ್ರಕಟಿಸಿತು. ಅಲ್ಲಿ ಈಗ ಬೆಳಿಗ್ಗೆಯೋ, ಮಧ್ಯಾಹ್ನವೋ, ಸಂಜೆಯೋ ಎಂಬಂಥ ಪ್ರಶ್ನೆಯಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಅರಿವಿನ ಪರೀಕ್ಷೆಗಳ ಒಂದು ಕಟ್ಟನ್ನು ಸಿದ್ಧಪಡಿಸಿದೆ. ನಮ್ಮ ಕಡೆಯ ರೈತರ ಕ್ಯಾಲೆಂಡರೇ ಬೇರೆ. ಸೂರ್ಯ 27 ನಕ್ಷತ್ರಗಳನ್ನು 365 ದಿನಗಳಲ್ಲಿ ದಾಟುವುದರಿಂದ ಒಂದೊಂದು ಮಳೆಗೆ ಸುಮಾರು ಹದಿಮೂರೂವರೆ ದಿನ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಲೆಕ್ಕ ಹಿಡಿದವರಿಗೆ ಇಂಗ್ಲಿಷ್ ತಿಂಗಳು ಬೇಕಿರಲಿಲ್ಲ. ಅಂಥವರನ್ನು 'ಈಗ ಯಾವ ಮಳೆ? ಯಾವ ಹಬ್ಬ ಕಳೆಯಿತು? ರಾಗಿ ಕೊಯ್ಲು ಆಯಿತೇ?' ಎಂದು ಕೇಳುವುದು ಹೆಚ್ಚು ಸರಿ.

ನಮ್ಮ ರಾಜ್ಯದಲ್ಲೇ ಇಂಥ ಅಧ್ಯಯನ ನಡೆದಿದೆ. ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಸುಮಾರು 10,000 ಜನರನ್ನು ವರ್ಷ ವರ್ಷವೂ ಅನುಸರಿಸುವ ಗುರಿಯಿಂದ 2018ರಲ್ಲಿ ಕೆಲಸ ಆರಂಭಿಸಿತು. ನೆನಪು, ಗಮನ, ಭಾಷೆ, ರಕ್ತ, ಮೆದುಳಿನ ಚಿತ್ರ ಎಲ್ಲವನ್ನೂ ಅಲ್ಲಿ ನೋಡುತ್ತಾರೆ. ಗ್ರಾಮೀಣ ಭಾರತದ ಮುಪ್ಪಿನ ಬಗ್ಗೆ ಇಷ್ಟು ದೀರ್ಘಕಾಲದ ಮಾಹಿತಿ ಅಪರೂಪ. ಇದರ ಅಗತ್ಯ ಎಷ್ಟೆಂಬುದಕ್ಕೆ 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ನೋಡಿ: 60 ದಾಟಿದ ಭಾರತೀಯರಲ್ಲಿ ಶೇಕಡ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಡಿಮೆನ್ಷಿಯಾ ಇದೆ.

ಮನೆಯವರು ಗಮನಿಸಬೇಕಾದುದು ಇಷ್ಟು. ತಾರೀಕು ಒಂದೆರಡು ದಿನ ತಪ್ಪಿ, ನೆನಪಿಸಿದಾಗ 'ಹೌದಲ್ಲ' ಎಂದರೆ ಚಿಂತೆಯಿಲ್ಲ. ನಿವೃತ್ತರಿಗೆ ವಾರಗಳು ಬೆರೆತುಹೋಗುವುದು ಸಹಜ. ಆದರೆ ಇಸವಿ ಅಥವಾ ಋತು ಪದೇ ಪದೇ ತಪ್ಪುವುದು, ಬೆಳಿಗ್ಗೆ ಸಂಜೆ ತಿಳಿಯದಿರುವುದು, ಊಟ ಮಾಡಿ ಸ್ವಲ್ಪ ಹೊತ್ತಿಗೇ ಊಟ ಆಗಿಲ್ಲ ಎನ್ನುವುದು, ತೀರಿಕೊಂಡವರು ಇನ್ನೂ ಬರಲಿಲ್ಲವೆಂದು ಕಾಯುವುದು, ಇವು ತಿಂಗಳುಗಳಲ್ಲಿ ಹೆಚ್ಚುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ತೊಂದರೆ, ಬಿ-12 ಕೊರತೆ, ಖಿನ್ನತೆಗಳಿಂದಲೂ ಹೀಗಾಗಬಹುದು. ಅವುಗಳಿಗೆ ಚಿಕಿತ್ಸೆಯಿದೆ. ನಿನ್ನೆಯವರೆಗೆ ಸರಿಯಿದ್ದವರು ಇಂದು ಇದ್ದಕ್ಕಿದ್ದಂತೆ ಗೊಂದಲಗೊಂಡರೆ ಅದು ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಕೆ, ಪಾರ್ಶ್ವವಾಯು ಮುಂತಾದುದರ ಸೂಚನೆಯಾಗಿರಬಹುದು. ಆಗ ತಡಮಾಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್, ಮೆದುಳಿನ ಕಾಯಿಲೆಗಳ ಪತ್ತೆ ಮತ್ತು ಚಿಕಿತ್ಸೆಯನ್ನು ನಿಮ್ಹಾನ್ಸ್‌ನ ಆಚೆಗೂ ಒಯ್ಯುವ ಪ್ರಯತ್ನ.

ಮಾಡಿ ನೋಡಿ

ಪ್ರೌಢಶಾಲೆ, ಪದವಿಪೂರ್ವ ತರಗತಿಗಳಲ್ಲಿ ಖರ್ಚಿಲ್ಲದೆ ಮಾಡಬಹುದಾದ ಪ್ರಯೋಗ ಇಲ್ಲಿದೆ. ಬೇಕಾಗಿರುವುದು ಮೊಬೈಲಿನ ನಿಲುಗಡಿಯಾರ ಮಾತ್ರ.

1. ಒಬ್ಬರನ್ನು ಕೂರಿಸಿ, ಮನಸ್ಸಿನಲ್ಲಿ ಎಣಿಸದೆ, ಒಂದು ನಿಮಿಷವಾಯಿತೆನಿಸಿದಾಗ 'ಆಯ್ತು' ಎನ್ನಲು ಹೇಳಿ. ಐದು ಸಲ ಮಾಡಿಸಿ. ಪ್ರತಿ ಸಲದ ನಿಜವಾದ ಅವಧಿಯನ್ನು ಬರೆದುಕೊಳ್ಳಿ. ನಡುವೆ ಫಲಿತಾಂಶ ತಿಳಿಸಬೇಡಿ.

2. ಇದನ್ನೇ ಅವರು ಅಕ್ಕಿ ಆರಿಸುತ್ತಲೋ, ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಲೋ ಇರುವಾಗ ಮತ್ತೆ ಐದು ಸಲ ಮಾಡಿಸಿ.

3. ಇನ್ನೊಂದು ದಿನ ಅವರೊಡನೆ ಮಾತಾಡುತ್ತಾ ಕೂತು, ಮುನ್ಸೂಚನೆಯಿಲ್ಲದೆ 'ನಾವು ಮಾತಿಗೆ ಕೂತು ಎಷ್ಟು ಹೊತ್ತಾಯಿತು?' ಎಂದು ಕೇಳಿ. ಇದು ನೆನಪಿನ ಅಳತೆ.

ಸರಾಸರಿಯ ಜೊತೆಗೆ ಮಾನಕ ವಿಚಲನೆಯನ್ನೂ ಲೆಕ್ಕ ಹಾಕಿ. ಉದಾಹರಣೆಗೆ ಐದು ಅಳತೆಗಳು 52, 61, 70, 58, 64 ಸೆಕೆಂಡ್ ಎಂದುಕೊಳ್ಳೋಣ. ಸರಾಸರಿ 61. ವಿಚಲನೆಗಳು −9, 0, 9, −3, 3. ಅವುಗಳ ವರ್ಗಗಳ ಮೊತ್ತ 180. ಅದನ್ನು 5ರಿಂದ ಭಾಗಿಸಿದರೆ 36, ವರ್ಗಮೂಲ 6. ಸಾಪೇಕ್ಷ ತಪ್ಪು 6/61, ಸುಮಾರು ಶೇಕಡ 10. ಇದೇ ಪ್ರಯೋಗವನ್ನು ಅರ್ಧ ನಿಮಿಷ ಮತ್ತು ಎರಡು ನಿಮಿಷಗಳಿಗೂ ಮಾಡಿ, ವೇಬರ್ ನಿಯಮ ನಿಲ್ಲುತ್ತದೆಯೇ ನೋಡಿ. ಮಕ್ಕಳು, ತಂದೆತಾಯಿಯರು, ಅಜ್ಜ-ಅಜ್ಜಿಯರು ಎಂದು ಮೂರು ಗುಂಪು ಮಾಡಿ ಹೋಲಿಸಿ. ಗುಂಪುಗಳ ಸರಾಸರಿಗಳ ಅಂತರಕ್ಕಿಂತ ಗುಂಪಿನ ಒಳಗಿನ ಹರಡಿಕೆ ದೊಡ್ಡದಿದ್ದರೆ ವಯಸ್ಸಿನ ಬಗ್ಗೆ ತೀರ್ಮಾನಕ್ಕೆ ಬರುವಂತಿಲ್ಲ ಎಂಬ ಪಾಠವೂ ಇದರಲ್ಲೇ ಸಿಗುತ್ತದೆ.

ಅಧ್ಯಾಪಕರಿಗೆ ಒಂದು ಎಚ್ಚರಿಕೆ. ಇದು ಯಾರ ಬುದ್ಧಿಯನ್ನೂ ಅಳೆಯುವ ಪರೀಕ್ಷೆಯಲ್ಲ. ಒಬ್ಬರ ಒಂದು ನಿಮಿಷ 45 ಸೆಕೆಂಡಿಗೋ 80 ಸೆಕೆಂಡಿಗೋ ಮುಗಿದರೆ ಅದರಿಂದ ಕಾಯಿಲೆ ಪತ್ತೆಯಾಗುವುದಿಲ್ಲ. ಹೆಸರಿಲ್ಲದೆ ಅಂಕಿಗಳನ್ನು ಮಾತ್ರ ತರಗತಿಗೆ ತರಲು ಹೇಳಿ.

ಮೂರನೆಯ ಹೆಜ್ಜೆಯನ್ನು ಮಾತ್ರ ಆತುರದಲ್ಲಿ ಮುಗಿಸಬೇಡಿ. ಅದಕ್ಕೆ ಮೊಮ್ಮಗ ಅಜ್ಜಿಯ ಜೊತೆ ನಿಜಕ್ಕೂ ಕೂತು ಮಾತಾಡಬೇಕು. ಬರ ಬಂದ ವರ್ಷ ಯಾವುದು, ಊರಿಗೆ ಮೊದಲು ಕರೆಂಟು ಬಂದದ್ದು ಯಾವಾಗ, ಮದುವೆಯ ದಿಬ್ಬಣ ಯಾವ ದಾರಿಯಲ್ಲಿ ಬಂತು ಎಂದು ಕೇಳಬೇಕು. ಆ ಹೊತ್ತಿನಲ್ಲಿ ಅಜ್ಜಿಯ ಗಮನಕ್ಕೆ ಕಾಲದ ಹೊರತು ಬೇರೆ ಕೆಲಸ ಸಿಗುತ್ತದೆ, ನೆನಪಿಗೆ ಒಂದು ಹೊಸ ಗುರುತೂ ಬೀಳುತ್ತದೆ. ಹೊತ್ತು ಹೋಗಲು ಬೇಕಾದದ್ದೂ ಅದೇ, ವರ್ಷ ನಿಲ್ಲಲು ಬೇಕಾದದ್ದೂ ಅದೇ.